ಘಾರಾಪುರಿಗೆ ಒಂದು ದಿನದ ಪ್ರವಾಸ
ಎಲಿಫೆಂಟಾ ಎಂಬ ಹೆಸರಿನಿಂದ ಪ್ರಸಿದ್ಧವಾದ ಘಾರಾಪುರಿ ದ್ವೀಪವು ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿದ್ದರೂ, ಅಲ್ಲಿನ ಗುಹೆಗಳು ಸೋಮವಾರ ಮುಚ್ಚಿರುವುದರಿಂದಲೂ ಮಳೆಗಾಲದಲ್ಲಿ ಕಡಲು ಉಕ್ಕೇರಿದಾಗ ದೋಣಿ ಸಂಚಾರ ನಿಲ್ಲುವುದರಿಂದಲೂ, ಗೆಳೆಯರ ಬಳಗವು ವಿಚಾರಿಸಿಕೊಂಡೇ ದಿನವನ್ನು ಗೊತ್ತುಮಾಡುವುದು ಒಳಿತು. ಬೆಳಗಿನ ಮೊದಲ ದೋಣಿಗಳಲ್ಲಿ ಹೊರಟವರು ಬಿಸಿಲೇರುವ ಮುನ್ನವೇ ಮೆಟ್ಟಿಲು ಹತ್ತಿ, ಜನಸಂದಣಿಯಿಲ್ಲದ ವೇಳೆಯಲ್ಲಿ ಮುಖ್ಯ ಗುಹೆಯನ್ನು ನೋಡಬಹುದು. ಕೋತಿಗಳ ಕಾಟವಿರುವುದರಿಂದ ತಿಂಡಿಯ ಪೊಟ್ಟಣಗಳನ್ನು ಚೀಲದೊಳಗೇ ಇಟ್ಟುಕೊಳ್ಳಬೇಕು.

ಗುಹೆಯೊಳಗೆ ಕಣ್ಣು ಮಬ್ಬುಬೆಳಕಿಗೆ ಹೊಂದಿಕೊಂಡ ಬಳಿಕ, ಸುಮಾರು 6 ಮೀಟರ್ ಎತ್ತರದ ಸದಾಶಿವ ಮೂರ್ತಿಯ ಎದುರು ನಿಧಾನವಾಗಿ ನಿಲ್ಲುವವರಿಗೆ, ನಡುವಿನ ಪ್ರಶಾಂತ ತತ್ಪುರುಷ, ಒಂದು ಬದಿಯ ಉಗ್ರ ಅಘೋರ, ಇನ್ನೊಂದು ಬದಿಯ ಸೌಮ್ಯ ವಾಮದೇವ ಎಂಬ ಮೂರು ಮುಖಗಳು ಶಿವನ ಭಿನ್ನ ಭಾವಗಳೆಂಬುದು ಸ್ಪಷ್ಟವಾಗುತ್ತದೆ. ಸರ್ವತೋಭದ್ರ, ಅಂದರೆ ನಾಲ್ಕೂ ದಿಕ್ಕಿಗೆ ಬಾಗಿಲುಳ್ಳ, ಗರ್ಭಗೃಹವನ್ನೂ ಅದರ ದ್ವಾರಪಾಲಕರನ್ನೂ ಸುತ್ತಿ ನೋಡುವುದನ್ನು ಬಿಡಬಾರದು. ಐಹೊಳೆ ಶಾಸನವು ಹೇಳುವಂತೆ ಇಮ್ಮಡಿ ಪುಲಕೇಶಿಯ ನೌಕಾಬಲವು ಮುತ್ತಿದ ಪುರಿ ನಗರವನ್ನು ಕೆಲವು ವಿದ್ವಾಂಸರು ಈ ದ್ವೀಪದೊಂದಿಗೆ ಗುರುತಿಸುವುದರಿಂದ, ಕನ್ನಡಿಗರಿಗೆ ಈ ಭೇಟಿಯಲ್ಲಿ ವಿಶೇಷ ಆಸಕ್ತಿಯೂ ಇರಬಹುದು. ಕೊನೆಯ ದೋಣಿಯ ಸಮಯವನ್ನು ಇಳಿದ ಕೂಡಲೇ ಕೇಳಿ ತಿಳಿದು, ಎಲ್ಲರೂ ಮರಳಿ ಸೇರುವ ಸ್ಥಳವನ್ನು ನಿಗದಿಪಡಿಸಿಕೊಂಡರೆ ತಂಡವು ನಿಶ್ಚಿಂತೆಯಿಂದ ತಿರುಗಾಡಬಹುದು.