ಹ್ಯಾಟೆಯೋ ಹುಂಜವೋ? ಹತ್ತು ವಾರ ತಡೆಯಿರಿ

ಹೊಸತೊಡಕಿಗೆಂದು ಕೊಯ್ದ ‘ಹುಂಜ’ದ ಹೊಟ್ಟೆಯಲ್ಲಿ ಸಾಸಿವೆ ಕಾಳಿನಂಥ ಮೊಟ್ಟೆಗೊಂಚಲು ಕಂಡಾಗ ನಮ್ಮ ಮನೆಯಲ್ಲಿ ಸಾರು ಯಾರಿಗೂ ರುಚಿಸಲಿಲ್ಲ. ಇನ್ನೆರಡು ತಿಂಗಳಿಗೆ ಮೊಟ್ಟೆಗೆ ಬರಬೇಕಿದ್ದ ಹ್ಯಾಟೆ ಅದು. ತುಮಕೂರಿನ ಸತ್ಯಮಂಗಲದಲ್ಲೋ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಯಲ್ಲೋ ಹಿತ್ತಲಲ್ಲಿ ಹತ್ತಾರು ಪಿಳ್ಳೆ ಬಿಟ್ಟುಕೊಂಡವರಿಗೆ ಯಾವುದು ಹ್ಯಾಟೆ, ಯಾವುದು ಹುಂಜ ಎಂಬ ಲೆಕ್ಕ ಬೇಗ ಗೊತ್ತಾದಷ್ಟೂ ಒಳ್ಳೆಯದು. ಏಕೆಂದರೆ ಎಂಟು–ಹತ್ತು ಹೇಂಟೆಗೆ ಒಂದು ಹುಂಜ ಸಾಕು.

ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹ್ಯಾಟೆ ಎಂಬ ಮಾತನ್ನು ಮೊದಲು ಬಿಡಿ. ಒಂದು ದಿನದ ಮರಿಯ ಗುದದ್ವಾರ ನೋಡಿ ಹೇಳುವ ವಿದ್ಯೆಯನ್ನು ಜಪಾನಿನವರು ಸುಮಾರು ನೂರು ವರ್ಷದ ಹಿಂದೆ ರೂಢಿಗೆ ತಂದರು. ತರಬೇತಿಯಿಲ್ಲದ ಕೈ ಹಿಂಡಿದರೆ ಮರಿಯೇ ಸಾಯಬಹುದು. ರೆಕ್ಕೆಗರಿಯ ಉದ್ದ ನೋಡುವುದೂ ಅದಕ್ಕೆಂದೇ ಬೆಳೆಸಿದ ತಳಿಗಳಲ್ಲಿ ಮಾತ್ರ ನಡೆಯುತ್ತದೆ, ನಾಟಿಯಲ್ಲಿ ಅಲ್ಲ. ಬೀದಿಯಲ್ಲಿ ಮಾರುವ ಬಣ್ಣ ಬಳಿದ ಮರಿಗಳಂತೂ ಬಹುಪಾಲು ಮೊಟ್ಟೆ ಫಾರಂನವರು ಬೇಡವೆಂದ ಹುಂಜಗಳೇ.

ಒಂದೇ ಕಾವಿನ ಮರಿಗಳನ್ನಷ್ಟೇ ಒಂದಕ್ಕೊಂದು ಹೋಲಿಸಿ. ತಿಂಗಳು ತುಂಬುವಾಗ ಅನುಮಾನ ಬಂದ ಮರಿಯ ಕಾಲಿಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ. ಕಾಲು ದಪ್ಪವಾಗುತ್ತಿದ್ದಂತೆ ಬಿಚ್ಚಿ ಕಟ್ಟಬೇಕು, ಮರೆತರೆ ಕುಂಟುತ್ತದೆ. ಐದಾರು ವಾರಕ್ಕೆ ಹುಂಜದ ಜುಟ್ಟು ಅಗಲವಾಗಿ ಕೆಂಪೇರುತ್ತದೆ, ಹ್ಯಾಟೆಯದು ಸಣ್ಣದಾಗಿ ಮಾಸಲು ಹಳದಿಯಲ್ಲೇ ಇರುತ್ತದೆ. ಹುಂಜದ ಕಾಲು ದಪ್ಪ, ಬಾಲ ಮೋಟು. ಆದರೆ ಜುಟ್ಟೊಂದನ್ನೇ ನಂಬಿದರೆ ನಮ್ಮ ಹೊಸತೊಡಕಿನ ಕಥೆಯೇ: ಅಸೀಲ್ ಬೆರಕೆಯಲ್ಲಿ ಹುಂಜಕ್ಕೂ ಜುಟ್ಟು ಗಿಡ್ಡ, ಕಡಕ್‌ನಾಥ್‌ನಲ್ಲಿ ಕಪ್ಪು. ಕಾದಾಟವೂ ಗುರುತಲ್ಲ, ಹ್ಯಾಟೆಗಳೂ ಎದೆಯೊಡ್ಡಿ ನಿಲ್ಲುತ್ತವೆ.

ಕಂದು ನಾಟಿಯಲ್ಲಿ ಬಣ್ಣ ಇನ್ನೂ ಚೆನ್ನಾಗಿ ಸಾಕ್ಷಿ ಹೇಳುತ್ತದೆ. ಎರಡು ತಿಂಗಳ ಹೊತ್ತಿಗೆ ಎದೆ ಕಪ್ಪಾಗಿ, ರೆಕ್ಕೆಯ ಭುಜದ ಮೇಲೆ ಇಟ್ಟಿಗೆ ಕೆಂಪಿನ ತೇಪೆ ಎದ್ದರೆ ಅದು ಹುಂಜ. ಹ್ಯಾಟೆಯ ಮೈಯಲ್ಲಿ ಕಂದು ಚುಕ್ಕಿ ಒಂದೇ ಹದದಲ್ಲಿ ಹರಡಿರುತ್ತದೆ.

ಕೊನೆಯ ತೀರ್ಪು ಗರಿಯದು. ಹತ್ತರಿಂದ ಹದಿನಾಲ್ಕು ವಾರದೊಳಗೆ, ಕತ್ತಲಾದ ಮೇಲೆ ಗೂಡಿನಿಂದ ಮೆಲ್ಲನೆ ಎತ್ತಿ ತಂದು, ಬಾಲದ ಬುಡದ ಮುಂದಿನ ಸೊಂಟದ ಗರಿಯನ್ನು ಬೆರಳಲ್ಲಿ ಬಿಡಿಸಿ ನೋಡಿ. ಉದ್ದಕ್ಕೆ, ಹೊಳೆಯುತ್ತಾ, ತುದಿ ಚೂಪಾಗಿ ಇಳಿಬಿದ್ದಿದ್ದರೆ ಹುಂಜ. ಗಿಡ್ಡಗೆ, ತುದಿ ದುಂಡಗಿದ್ದರೆ ಹ್ಯಾಟೆ. ಕತ್ತಿನ ಗರಿಗೂ ಇದೇ ಮಾತು. ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ತಳಿ ಮೈಬಣ್ಣದಲ್ಲಿ ನಾನಾ ಬಗೆ, ಅದರಲ್ಲಿ ಬಣ್ಣ ನೆಚ್ಚಬೇಡಿ, ಗರಿಯನ್ನೇ ನೋಡಿ.

ಕೂಗಿಗೆ ಕಾಯುವವರುಂಟು. ಆದರೆ ದೊಡ್ಡ ಹುಂಜದ ಹೆದರಿಕೆಯಲ್ಲಿ ಚಿಕ್ಕದು ತಿಂಗಳುಗಟ್ಟಲೆ ಬಾಯಿ ಬಿಡದೆಯೂ ಇದ್ದುಬಿಡುತ್ತದೆ.