ಮಗುವಿಗೆ ಇಡುವ ಹೆಸರು

ಓದತಕ್ಕ ವೇದಭಾಗ: ಆದಿಕಾಂಡ 35:16–20



ನಮ್ಮ ಸಭೆಗಳಲ್ಲಿ ಯೋಹಾನರೂ ಸಮುವೇಲರೂ ಮರಿಯಮ್ಮಂದಿರೂ ಬಹು ಮಂದಿ ಇರುವದರಿಂದ, ತಮ್ಮ ಮಗುವಿಗೆ ಊರಲ್ಲಿ ಯಾರಿಗೂ ಇಲ್ಲದ ಹೆಸರನ್ನು ಇಡಬೇಕೆಂದು ಕೆಲವರು ಆಶಿಸುವದುಂಟು. ಈ ಆಶೆಯಲ್ಲಿ ತಪ್ಪೇನೂ ಇಲ್ಲ. ಆದರೆ ಹೆಸರಿನ ಇಂಪನ್ನು ಮಾತ್ರ ಕೇಳಿ ಅದರ ಮೂಲವನ್ನು ವಿಚಾರಿಸದೆ ಹೋದರೆ, ಮಗುವಿನ ಮೇಲೆ ಏನನ್ನು ಹೊರಿಸಿದೆವೆಂಬದು ನಮಗೇ ತಿಳಿಯದು.

ಒಂದು ಹಳ್ಳಿಯಲ್ಲಿ ಒಬ್ಬ ಸಹೋದರನು ತನ್ನ ಗಂಡು ಕೂಸನ್ನು ಎತ್ತಿಕೊಂಡು ನಮ್ಮ ಬಳಿಗೆ ಬಂದನು. ಕೂಸಿನ ತಾಯಿಯು ಹೆರಿಗೆಯಲ್ಲಿಯೇ ತೀರಿಹೋಗಿದ್ದಳು. “ಅಯ್ಯನವರೇ, ಈಕಾಬೋದ್ ಎಂದು ಹೆಸರಿಡಬೇಕೆಂದಿದ್ದೇನೆ. ಸತ್ಯವೇದದಲ್ಲಿರುವ ಹೆಸರು, ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ,” ಅಂದನು. ಹಿಂದೆ ನಿಂತಿದ್ದ ಅಜ್ಜಿಯು, “ತಾಯನ್ನು ನುಂಗಿದ ಕೂಸಿಗೆ ಯಾವ ಹೆಸರಾದರೇನು?” ಅಂದಳು. ಆ ಮಾತು ನಮ್ಮ ಹೃದಯವನ್ನು ಇರಿಯಿತು. ಆ ಸಾಯಂಕಾಲ ಅವರ ಸಂಗಡ ಕುಳಿತು ನಾವು ಓದಿದ್ದನ್ನೇ ಇಲ್ಲಿ ಬರೆಯುತ್ತೇವೆ.

ಮೊದಲನೆಯದು, ದುಃಖದಲ್ಲಿ ಇಟ್ಟ ಹೆಸರುಗಳು. ಫಿಲಿಷ್ಟಿಯರು ಮಂಜೂಷವನ್ನು ಒಯ್ದರೆಂದೂ, ಮಾವನೂ ಗಂಡನೂ ಸತ್ತರೆಂದೂ ಕೇಳಿದ ಒಬ್ಬ ಸ್ತ್ರೀಯು ಹೆತ್ತು ಸಾಯುತ್ತಾ ತನ್ನ ಮಗನಿಗೆ ಈಕಾಬೋದ್ ಎಂದು ಹೆಸರಿಟ್ಟಳು (1 ಸಮುವೇಲ 4). ‘ಮಹಿಮೆ ಇಲ್ಲ’ ಎಂಬದೇ ಅದರ ಅರ್ಥ. ರಾಹೇಲಳಾದರೋ ಎಫ್ರಾತದ ದಾರಿಯಲ್ಲಿ ಪ್ರಾಣ ಬಿಡುವಾಗ ಮಗನನ್ನು ಬೆನೋನಿ, ಅಂದರೆ ‘ನನ್ನ ದುಃಖದ ಮಗನು’ ಎಂದು ಕರೆದಳು. ಯಾಕೋಬನಿಗೆ ರಾಹೇಲಳ ಮೇಲೆ ಎಷ್ಟು ಪ್ರೀತಿ ಇತ್ತೆಂಬದನ್ನು ನಾವು ಬಲ್ಲೆವು. ಅವನು ಅವಳ ಸಮಾಧಿಯ ಮೇಲೆ ಕಂಬವನ್ನು ನಿಲ್ಲಿಸಿದನು. ಆದರೂ ಆ ದುಃಖವನ್ನು ಕೂಸಿನ ಹೆಸರಾಗಿ ಉಳಿಯಗೊಡಿಸಲಿಲ್ಲ; ಬೆನ್ಯಾಮೀನ, ಅಂದರೆ ‘ಬಲಗೈಯ ಮಗನು’ ಎಂದು ಕರೆದನು. ನೆನಪಿಗೆ ಕಲ್ಲು ಸಾಕು; ಮಗುವು ಸಮಾಧಿಯ ಕಲ್ಲಾಗಬಾರದು. ಮುಂದೆ ಅಪೊಸ್ತಲನಾದ ಪೌಲನು ಹುಟ್ಟಿದ್ದು ಈ ಬೆನ್ಯಾಮೀನನ ಕುಲದಲ್ಲಿಯೇ.

ನಮ್ಮ ನಾಡಿನಲ್ಲಿಯೂ ಇಂಥ ಹೆಸರುಗಳುಂಟು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಕೀಳಾದದ್ದನ್ನು ಮೃತ್ಯುವು ಮುಟ್ಟದೆಂದು ನಂಬಿ, ತಿಪ್ಪೆಯ ಹೆಸರಿನಿಂದ ತಿಪ್ಪನೆಂದೂ ತಿಪ್ಪಮ್ಮನೆಂದೂ ಕರೆಯುವ ವಾಡಿಕೆ ಇತ್ತು. ಹೆಣ್ಣುಮಕ್ಕಳು ಹೆಚ್ಚಾದಾಗ ‘ಇನ್ನು ಸಾಕು’ ಎಂದು ಸಾಕಮ್ಮನೆಂದು ಕರೆದದ್ದೂ ಉಂಟು. ಇವರನ್ನು ನಾವು ನಗಬಾರದು. ತಿಪ್ಪನ ತಾಯಿಯು ಭಯದಲ್ಲಿಯೂ ಮಗುವನ್ನು ಪ್ರೀತಿಸಿದಳು. ಆದರೆ ದೇವರು ಕೊಟ್ಟ ಮಗುವನ್ನು ಬೇಡವಾದದ್ದೆಂದು ಕರೆಯುವದು ವಿಶ್ವಾಸಿಗೆ ತಕ್ಕದ್ದಲ್ಲ. ಇಂಥ ಹೆಸರನ್ನು ಈಗಾಗಲೇ ಹೊತ್ತವರು ನಾಚಿಕೆಪಡಬೇಕಾದದ್ದಿಲ್ಲ. ಯಾಬೇಚನ ತಾಯಿ ತನ್ನ ವೇದನೆಯಿಂದ ಅವನಿಗೆ ಹೆಸರಿಟ್ಟಳು. ಅವನೋ ದೇವರಿಗೆ ಮೊರೆಯಿಟ್ಟು ಆಶೀರ್ವಾದವನ್ನು ಹೊಂದಿ ತನ್ನ ಸಹೋದರರಿಗಿಂತ ಘನವಂತನಾದನು (1 ಪೂರ್ವಕಾಲವೃತ್ತಾಂತ 4:9–10).

ಎರಡನೆಯದು, ಹೆಸರಿನ ಮೂಲವೂ ಅದನ್ನು ಹೊತ್ತವರ ನಡತೆಯೂ. ಎಬೆನೆಜೆರ್ ಎಂಬದು ಸತ್ಯವೇದದಲ್ಲಿ ಮನುಷ್ಯನ ಹೆಸರಲ್ಲ. ಸಮುವೇಲನು ಜಯದ ತರುವಾಯ ನಿಲ್ಲಿಸಿದ ‘ಸಹಾಯದ ಕಲ್ಲು’. ಕರ್ತನು ಸಹಾಯಮಾಡಿದ ಮನೆಯಲ್ಲಿ ಅದು ಸಾಕ್ಷಿಯಾಗಿ ನಿಂತೀತು. ಅಪೊಲ್ಲೋಸ, ಫೊಯಿಬೆ ಎಂಬ ಹೆಸರುಗಳಾದರೋ ಗ್ರೀಕರ ದೇವದೇವತೆಗಳ ಹೆಸರುಗಳಿಗೆ ಸಂಬಂಧಪಟ್ಟವು. ಆದರೂ ಅಪೊಲ್ಲೋಸನು ಆ ಹೆಸರಿನಿಂದಲೇ ವಾಕ್ಯವನ್ನು ಸಾರಿದನು. ಫೊಯಿಬೆಯನ್ನು ಪೌಲನು ಆ ಹೆಸರಿನಿಂದಲೇ ರೋಮಾಪುರದ ಸಭೆಗೆ ಒಪ್ಪಿಸಿದನು. ಆದಕಾರಣ ನಮ್ಮ ಹಿರಿಯರ ಹೆಸರುಗಳನ್ನು ಹೀನೈಸತಕ್ಕದ್ದಲ್ಲ. ಮಂಗಳೂರಿನಲ್ಲಿ 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ಹರ್ಮನ್ ಎಂಬ ಹೊಸ ಹೆಸರನ್ನು ಸ್ವೀಕರಿಸಿದರೂ ಹಳೆಯದನ್ನು ಬಿಡಲಿಲ್ಲ. ಹರ್ಮನ್ ಆನಂದರಾವ್ ಕೌಂಡಿನ್ಯರೆಂದೇ ಸಭಾಸೇವೆ ಮಾಡಿದರು.

ಮೂರನೆಯದು, ಅಪರೂಪದ ಹೆಸರನ್ನು ಆರಿಸುವ ರೀತಿ. ಅಜ್ಜಿಯ ನಾಲಿಗೆಗೆ ಹೊರಳುವದೋ? ಶಾಲೆಯಲ್ಲಿ ಪರಿಹಾಸ್ಯಕ್ಕೆ ಕಾರಣವಾಗದೋ? ಮಗುವು ದೊಡ್ಡದಾಗಿ ‘ನನಗೆ ಈ ಹೆಸರು ಯಾಕೆ?’ ಎಂದು ಕೇಳಿದರೆ ಸಂತೋಷದಿಂದ ಹೇಳುವ ಉತ್ತರ ನಮ್ಮಲ್ಲಿದೆಯೋ? ಈ ಮೂರನ್ನು ವಿಚಾರಿಸಿರಿ. ನತಾನಯೇಲ ಎಂದರೆ ‘ದೇವರು ಕೊಟ್ಟನು’. ದೇವದತ್ತ ಎಂಬದಕ್ಕೂ ಅದೇ ಅರ್ಥ. ಓಬದ್ಯ ಎಂದರೆ ‘ಯೆಹೋವನ ಸೇವಕನು’. ದೇವದಾಸನೂ ಅವನ ಹತ್ತಿರದವನೇ. ಒನೇಸಿಮ ಎಂದರೆ ‘ಪ್ರಯೋಜಕನು’; ತಪ್ಪಿಹೋದ ಆ ದಾಸನು ಕರ್ತನಲ್ಲಿ ಆ ಹೆಸರಿಗೆ ತಕ್ಕವನಾದನು. ಹೀಬ್ರೂ, ಗ್ರೀಕ್, ಕನ್ನಡ ಯಾವದಾದರೂ ಇರಲಿ, ಅರ್ಥವು ಮಗುವನ್ನು ಎತ್ತಿ ನಿಲ್ಲಿಸುವಂಥದ್ದಾಗಿರಲಿ.

ಆ ಸಹೋದರನು ಬಹಳ ಹೊತ್ತು ಮಾತಾಡದೆ ಕುಳಿತಿದ್ದು ಕಡೆಗೆ, “ಬೆನ್ಯಾಮೀನನೇ ಇರಲಿ,” ಅಂದನು. ದೀಕ್ಷಾಸ್ನಾನದ ದಿವಸ ಕೂಸನ್ನು ಎತ್ತಿ ತಂದವಳು ಆ ಅಜ್ಜಿಯೇ. ಅವಳ ಬಾಯಲ್ಲಿ ಬೆನ್ಯಾಮೀನನು ಬೆನ್ಯಪ್ಪನಾದನು. ನಾವು ತಿದ್ದಲಿಲ್ಲ, ಯಾಕಂದರೆ ತಾಯನ್ನು ನುಂಗಿದವನೆಂಬ ಮಾತು ಆಮೇಲೆ ಆ ಬಾಯಿಂದ ಹೊರಡಲಿಲ್ಲ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ರಾಹೇಲಳು ಇಟ್ಟ ಹೆಸರನ್ನು ಯಾಕೋಬನು ಯಾಕೆ ಮಾರ್ಪಡಿಸಿದನು?
2. ನಿಮ್ಮ ಹೆಸರಿನ ಅರ್ಥವೇನು? ಅದನ್ನು ನಿಮಗೆ ಇಟ್ಟವರು ಯಾರು?
3. ಅಡ್ಡಹೆಸರಿನಿಂದ ನೋಯುವ ಮಗು ನಿಮ್ಮ ಕೇರಿಯಲ್ಲಿ ಉಂಟೋ? ಇಂದಿನಿಂದ ಅದನ್ನು ಹೇಗೆ ಕರೆಯುವಿರಿ?