ರೆಡಿ ಡ್ರೋನ್ ತಗೊಳ್ಳೋದಾ, ನಾವೇ ಕಟ್ಟೋದಾ?

ಗಾಗಲ್ಸ್ ಹಾಕ್ಕೊಂಡು, ಡ್ರೋನ್ ಕ್ಯಾಮೆರಾ ಕಂಡದ್ದನ್ನೇ ನೋಡ್ತಾ ಹಾರಿಸೋದು ಎಫ್‌ಪಿವಿ. ಬೂದಿಕೋಟೆ ಕಡೆಯ ಬಂಡೆಗಳ ಮಧ್ಯೆ ಹಾರಿಸಿದ್ರೆ ಬೀಳೋದಂತೂ ಗ್ಯಾರಂಟಿ. ಆದ್ದರಿಂದ ಬೆಲೆಗಿಂತ ಮೊದಲು ಕೇಳಬೇಕಾದ್ದು, ಬಿದ್ದಮೇಲೆ ರಿಪೇರಿ ಯಾರು ಮಾಡ್ತಾರೆ?

ರೆಡಿ ಡ್ರೋನ್ ತಂದ ದಿನವೇ ಹಾರುತ್ತೆ, ನಿಜ. ಆದರೆ ಎಷ್ಟೋ ಮಾಡೆಲ್‌ಗಳಿಗೆ ಅದೇ ಕಂಪನಿಯ ಬಿಡಿಭಾಗ ಬೇಕು. ನಾವೇ ಕಟ್ಟಿದ್ದರಲ್ಲಿ ಮೋಟಾರ್ ಸುಟ್ಟರೆ ಮೂರು ವೈರ್ ಬಿಚ್ಚಿ ಹೊಸದನ್ನು ಸೋಲ್ಡರ್ ಮಾಡಿದರಾಯ್ತು. ಇನ್ನೊಂದು, 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದೇಶಿ ಡ್ರೋನ್‌ಗಳ ಆಮದು ನಿಷೇಧಿಸಿತು. ಬಿಚ್ಚಿಟ್ಟ ಪೂರ್ತಿ ಕಿಟ್ಟೂ ತರೋ ಹಾಗಿಲ್ಲ, ಬಿಡಿಭಾಗ ತರಬಹುದು.

ನನ್ನ ಓಟು ಕಟ್ಟೋದಕ್ಕೇ. ಭಾಗಗಳು ಬರೋವರೆಗೆ ಸಿಮ್ಯುಲೇಟರ್‌ನಲ್ಲಿ ಕೈ ಪಳಗಿಸಿ. ಮೊದಲ ಸಲ ಬ್ಯಾಟರಿ ಹಾಕುವಾಗ ಸ್ಮೋಕ್ ಸ್ಟಾಪರ್ ಇರಲಿ, ಪ್ರೊಪೆಲ್ಲರ್ ಬಿಚ್ಚಿರಲಿ.